ಸಂಗೀತ ಕಲಿಯೋಕ್ ಶುರು ಮಾಡಿದ್ಮೇಲೆ ಫ್ರಿಜ್ ಶಬ್ದ ಅಪಸ್ವರ ಅನ್ಸ್ತಿದೆ, ಕಿವಿ ಬದಲಾಯ್ತಾ ಇಲ್ಲಾ ತಲೆ ಕೆಟ್ಟಿತಾ?

ಐದುಮನೆ_ಶ್ರುತಿ

ಎಲ್ರಿಗೂ ನಮಸ್ಕಾರ. ನನ್ಗೆ 41 ವರ್ಷ. ಎರಡು ವರ್ಷದ ಹಿಂದೆ ಮಗಳನ್ನ ಕರ್ನಾಟಕ ಸಂಗೀತದ ಕ್ಲಾಸಿಗೆ ಬಿಟ್ಟು ಹೊರಗೆ ಬೆಂಚ್ ಮೇಲೆ ಕಾಯ್ತಾ ಕೂತಿರ್ತಿದ್ದೆ, ಮೇಡಂ ಒಂದಿನ ಹೊರಗೆ ಬಂದು ಸುಮ್ನೆ ಯಾಕ್ ಕೂತಿರ್ತೀರಿ ಒಳಗ್ ಬನ್ನಿ ಅಂದ್ರು, ಮಗಳು ಆರು ತಿಂಗಳಿಗೆ ಬಿಟ್ಳು ನಾನು ಇನ್ನೂ ಹೋಗ್ತಾನೇ ಇದೀನಿ. ಸರಳೆ, ಜಂಟಿ, ಅಲಂಕಾರ, ಗೀತೆ ಎಲ್ಲಾ ಆಗಿ ಈಗ ಎರಡನೇ ವರ್ಣ. ಬೆಳಿಗ್ಗೆ ಐದೂಮುಕ್ಕಾಲಿಗೆ ಅಡುಗೆಮನೇಲಿ ಬಾಗಿಲು ಹಾಕ್ಕೊಂಡು ಮುಕ್ಕಾಲು ಗಂಟೆ ಸಾಧನೆ, ಬೇರೆ ಕಡೆ ಕೂತ್ರೆ ಮನೆಯವ್ರಿಗೆಲ್ಲ ಎಚ್ಚರ ಆಗತ್ತೆ.

ವಿಷಯ ಏನಂದ್ರೆ ನಮ್ ಫ್ರಿಜ್ಜು ಹದಿನಾಲ್ಕು ವರ್ಷದ್ದು, ಗುಂಯ್ ಅಂತಾನೇ ಇರತ್ತೆ, ಇಷ್ಟು ವರ್ಷ ನನ್ಗೆ ಅದು ಕೇಳಿಸಿದ್ದೇ ಇಲ್ಲ. ಈಗ ನಾನು ಸಾ ಹಿಡ್ಕೊಂಡು ಕೂತಾಗ ಅದು ಆನ್ ಆಯ್ತೋ ಮುಗೀತು, ಪಕ್ಕದಲ್ಲಿ ಯಾರೋ ಬೇಕಂತ ಸ್ವಲ್ಪ ಮೇಲಕ್ಕೆ ಹಾಡ್ತಾ ಇರೋ ಹಾಗೆ, ಹಲ್ಲು ಜುಮ್ ಅನ್ನತ್ತೆ. ಹೋಗಿ ಸ್ವಿಚ್ ಆಫ್ ಮಾಡಿ ಬರ್ತೀನಿ, ಆಮೇಲೆ ಆನ್ ಮಾಡೋದು ಮರ್ತು ಎರಡು ಸಲ ಹಾಲು ಒಡೆದಿದೆ. ನಮ್ಮನೆಯವ್ರು ನಿನ್ಗೆ ಭ್ರಮೆ ಅಂತಾರೆ.

ಇನ್ನೂ ಇದೆ. ಸೊಪ್ಪು ಮಾರೋ ಗಾಡಿ ಬರತ್ತಲ್ಲ, ರೆಕಾರ್ಡ್ ಮಾಡಿ ಸ್ಪೀಕರಲ್ಲಿ ಹಾಕಿರ್ತಾರಲ್ಲ "ಮೆಂತ್ಯ ಸಬ್ಸಿಗೆ ದಂಟು ಪಾಲಕ್" ಅಂತ ಒಂದೇ ಸಮ, ಅದು ನಾಲ್ಕನೇ ಸಲಕ್ಕೆ ಮಾತಾಗಿ ಉಳಿಯೋದೇ ಇಲ್ಲ, ರಾಗ ಆಗ್ಬಿಡತ್ತೆ. ಊರಿಂದ ಅಪ್ಪ ಫೋನ್ ಮಾಡಿ ಹಲೋ ಅಂದ ತಕ್ಷಣ ದನಿ ಎಲ್ಲಿ ಕೂತಿದೆ ಅನ್ನೋದ್ರಲ್ಲೇ ಶುಗರ್ ಜಾಸ್ತಿ ಆಗಿದ್ಯೋ ಇಲ್ವೋ ಗೊತ್ತಾಗತ್ತೆ. ಹಾಗಂತ ಕಿವಿ ಬಹಳ ಚುರುಕಾಯ್ತು ಅಂತಾನೂ ಅಲ್ಲ, ದರ್ಶಿನೀಲಿ ನಿಂತು ಕಾಫಿ ಕುಡೀತಾ ಎದುರಿಗಿರೋರು ಏನ್ ಹೇಳಿದ್ರು ಅಂತ ಈಗ್ಲೂ ಮೂರು ಸಲ ಕೇಳ್ತೀನಿ.

ಇದರ ಮಧ್ಯ ಫ್ಯಾಮಿಲಿ ಗ್ರೂಪಲ್ಲಿ ಒಂದು ಫಾರ್ವರ್ಡ್ ಬಂತು, ಹಾಡೋಕ್ ಕಲಿತ್ರೆ ಮೆದುಳೇ ಬದಲಾಗತ್ತೆ, ಗಲಾಟೇಲೂ ಮಾತು ಸ್ಪಷ್ಟ ಕೇಳತ್ತೆ, ವಯಸ್ಸಾದವರ ಕಿವುಡುತನ ಹೋಗತ್ತೆ ಅಂತ. ನಮ್ಮತ್ತೆಗೆ 68, ಟಿವಿ ವಾಲ್ಯೂಮ್ 40ರಲ್ಲಿ ಇಟ್ಕೋತಾರೆ, ನಾನೂ ಬರ್ತೀನಿ ಕ್ಲಾಸಿಗೆ ಅಂತ ಕೂತಿದಾರೆ. ಇದ್ರಲ್ಲಿ ಎಷ್ಟು ನಿಜ ಎಷ್ಟು ಸುಳ್ಳು, ತಿಳಿದೋರು ಹೇಳಿ.

ಕಿವಿಮಾತು_ಮೈಸೂರು

ನಾನು ಆಡಿಯಾಲಜಿಸ್ಟು, ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದ್ದು, ಹಾಗಾಗಿ ಸ್ವಲ್ಪ ಉದ್ದ ಆಗತ್ತೆ, ಕ್ಷಮಿಸಿ.

ಮೊದಲು ಫ್ರಿಜ್. ನಿಮ್ಮ ಹೆಸರು ನೋಡಿದ್ರೆ ನೀವು ಐದು ಮನೆ ಶ್ರುತೀಲಿ, ಅಂದ್ರೆ ಹಾರ್ಮೋನಿಯಂನ ಐದನೇ ಬಿಳಿ ಮನೇನ ಸಾ ಮಾಡ್ಕೊಂಡು ಹಾಡೋರು ಅನ್ಸತ್ತೆ. ಹೌದಾದ್ರೆ ನಿಮ್ಮದು ಭ್ರಮೆ ಅಲ್ಲ, ಮನೆಯವ್ರಿಗೆ ಈ ಲೆಕ್ಕ ತೋರ್ಸಿ. ನಮ್ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಗತ್ತೆ, ಮೋಟರ್ ಒಳಗಿನ ಕಬ್ಬಿಣಕ್ಕೆ ಒಂದೊಂದು ಸುತ್ತಲ್ಲೂ ಎರಡು ಸಲ ಎಳೆತ ಬೀಳತ್ತೆ, ಅದಕ್ಕೇ ಹಳೇ ಫ್ರಿಜ್ಜು, ಟ್ರಾನ್ಸ್‌ಫಾರ್ಮರ್ರು ಎಲ್ಲಾ 100 ಹರ್ಟ್ಜಲ್ಲಿ (ಸೆಕೆಂಡಿಗೆ 100 ಕಂಪನ) ಗುಂಯ್ಗುಟ್ಟೋದು, ಜೊತೆಗೆ ಅದರ ಮೇಲಿನ 200 ಕೂಡ. ಐದು ಮನೆ ಷಡ್ಜ, ಅಂದ್ರೆ ನಿಮ್ಮ ಸಾ, 196 ಹರ್ಟ್ಜ್, ಕೆಳಗಿನ ಸ್ಥಾಯಿಯದ್ದು 98. ಅಂದ್ರೆ ನಿಮ್ಮ ಫ್ರಿಜ್ಜು ನಿಮ್ಮ ಸಾಗಿಂತ ಹೆಚ್ಚು ಕಮ್ಮಿ ಅರ್ಧ ಮನೇಲಿ (ಒಂದು ಬಿಳಿ ಮನೆಗೂ ಪಕ್ಕದ ಕರಿ ಮನೆಗೂ ಇರೋ ಅಂತರ) ಮೂರನೇ ಒಂದು ಭಾಗ ಮೇಲಿದೆ. ಇನ್ನೂ ದೂರ ಇದ್ದಿದ್ರೆ ಬೇರೆ ಸ್ವರ ಅಂತ ಬಿಟ್ಬಿಡ್ತಿದ್ರಿ, ಇಷ್ಟು ಹತ್ರ ಬಂದಾಗ ಎರಡೂ ಶಬ್ದ ತಿಕ್ಕಾಡಿ ಸೆಕೆಂಡಿಗೆ ನಾಲ್ಕು ಸಲ ವಾ ವಾ ವಾ ವಾ ಅಂತ ಅಲೆ ಏಳತ್ತೆ. ತಂಬೂರಿ ಶ್ರುತಿ ಮಾಡುವಾಗ ನಿಮ್ಮ ಮೇಡಂ ಕೇಳಿಸ್ಕೊಂಡು ಬಿರಡೆ ತಿರುಗ್ಸೋದು ಇದೇ ಅಲೆ ನಿಲ್ಲೋವರೆಗೆ. ಎರಡು ವರ್ಷದ ಹಿಂದೆ ಫ್ರಿಜ್ಜೂ ಇದೇ ಕಿವೀನೂ ಇದೇ, ಹೋಲಿಸಿ ನೋಡೋಕೆ ತಲೆ ಒಳಗೆ ಒಂದು ಸಾ ಇರ್ಲಿಲ್ಲ ಅಷ್ಟೆ. (ಇನ್ವರ್ಟರ್ ಫ್ರಿಜ್ ತಗೊಂಡ್ರೆ ಕತೆ ಬೇರೆ, ಅದು ಸ್ಪೀಡ್ ಬದಲಾಯಿಸ್ತಾ ಇರತ್ತೆ, ಗಮಕ ಬೇರೆ ಕೇಳ್ಬೇಕಾಗತ್ತೆ.)

ಸೊಪ್ಪಿನ ಗಾಡಿಗೂ ನಿಮ್ಮ ಸಂಗೀತಕ್ಕೂ ಸಂಬಂಧ ಇಲ್ಲ, ಅದು ಸಂಗೀತ ಕಲೀದ ಬಹಳ ಜನಕ್ಕೂ ಆಗತ್ತೆ. ಡಯಾನಾ ಡಾಯ್ಚ್ ಅಂತ ಅಮೆರಿಕದ ವಿಜ್ಞಾನಿ, 1995ರಲ್ಲಿ ತಮ್ಮದೇ ಮಾತಿನ ರೆಕಾರ್ಡಿಂಗಲ್ಲಿ ಒಂದು ತುಂಡು ಸುತ್ತಿ ಸುತ್ತಿ ಓಡ್ತಾ ಇದ್ದಾಗ ಅದು ಹಾಡಾಗಿ ಕೇಳ್ಸೋಕೆ ಶುರುವಾಗಿದ್ದನ್ನ ಗಮನಿಸಿದ್ರು. ಶಬ್ದದಲ್ಲಿ ಏನೂ ಬದಲಾಗಿರಲ್ಲ, ಅರ್ಥ ಗೊತ್ತಾಗಿ ಹೋದ್ಮೇಲೆ ಮೆದುಳಿಗೆ ಮಾತಿನ ಕಡೆ ಕೆಲಸ ಇರಲ್ಲ, ಏರಿಳಿತದ ಕಡೆ ತಿರುಗತ್ತೆ ಅಂತ ನಾನು ಅರ್ಥ ಮಾಡ್ಕೊಂಡಿರೋದು. ನಿಮ್ಗೆ ಅದಕ್ಕೆ ಸ್ವರ ಹಾಕೋಕೆ ಬರತ್ತೆ, ಪಕ್ಕದ ಮನೆಯವ್ರಿಗೆ ಬರಲ್ಲ, ಅಷ್ಟೇ ವ್ಯತ್ಯಾಸ.

ಇನ್ನು ಮೆದುಳು ಬದಲಾಗತ್ತಾ ಅನ್ನೋದು. ಕಿವಿಯಿಂದ ಶಬ್ದ ಸೀದಾ ಮೇಲಕ್ಕೆ ಹೋಗಲ್ಲ, ದಾರೀಲಿ ಮಿದುಳುಕಾಂಡದಲ್ಲಿ (ಮೆದುಳಿನ ಬುಡದ ಭಾಗ) ಮೂರ್ನಾಲ್ಕು ಸ್ಟಾಪು, ಮೇಲಿಂದ ಕೆಳಕ್ಕೂ ನರಗಳು ಬರ್ತವೆ, ಅಂದ್ರೆ ಏನು ಕೇಳ್ಬೇಕು ಅಂತ ಮೇಲಿನವರು ಕೆಳಗಿನವರಿಗೆ ಹೇಳಿ ಕಳಿಸ್ತಾನೇ ಇರ್ತಾರೆ. ತಲೆ ಮೇಲೆ ಎಲೆಕ್ಟ್ರೋಡ್ ಅಂಟಿಸಿ ಒಂದು ಶಬ್ದ ಕೇಳಿಸಿದ್ರೆ ಆ ಮಿದುಳುಕಾಂಡದಿಂದ ಅದೇ ಆಕಾರದ ಅಲೆ ವಾಪಸ್ ಸಿಗತ್ತೆ, ಅದನ್ನ ಸ್ಪೀಕರಿಗೆ ಕೊಟ್ರೆ ಏನು ಶಬ್ದ ಅಂತ ಗುರುತು ಸಿಗೋಷ್ಟು. ನಾನು ಮೊದಲ ಸಲ ಕೇಳಿದಾಗ ಮೈ ಜುಂ ಅಂದಿತ್ತು. ಶಿಕಾಗೊ ಹತ್ರ ನಾರ್ತ್‌ವೆಸ್ಟರ್ನ್ ಯೂನಿವರ್ಸಿಟಿಯಲ್ಲಿ ನೀನಾ ಕ್ರಾಸ್ ಅವರ ಲ್ಯಾಬಿನವರು 2007ರಲ್ಲಿ ಇದನ್ನೇ ಮಾಡಿದ್ರು. ಚೀನೀ ಭಾಷೇಲಿ "ಮಿ" ಅನ್ನೋ ಒಂದೇ ಅಕ್ಷರಾನ ಏರಿಸಿ ಇಳಿಸಿ ಹೇಳಿದ್ರೆ ಅರ್ಥ ಬೇರೆ ಬೇರೆ. ಚೀನೀ ಒಂಚೂರೂ ಗೊತ್ತಿಲ್ಲದ ಇಂಗ್ಲಿಷಿನವರಿಗೆ ಅದನ್ನ ಕೇಳಿಸಿದ್ರು, ಸಂಗೀತ ಕಲಿತವರ ಅಲೆ ಆ ಏರಿಳಿತವನ್ನ ಹೆಚ್ಚು ನಿಖರವಾಗಿ ಹಿಂಬಾಲಿಸಿತ್ತು. ಸಂಗೀತದ ಅಭ್ಯಾಸ ಮಾತು ಕೇಳೋ ದಾರೀನೂ ತಿದ್ದತ್ತೆ ಅನ್ನೋ ಮಾತು ಜೋರಾಗಿ ಶುರುವಾಗಿದ್ದು ಅಲ್ಲಿಂದ. ನಿಮ್ಮ ಫಾರ್ವರ್ಡ್ ಕೂಡ ಅದರ ಮರಿಮೊಮ್ಮಗ.

ಅತ್ತೆ ವಿಷಯ ಬೇರೆಯಾಗಿ ಹೇಳ್ತೀನಿ. ಟಿವಿ 40 ಅಂದ್ರೆ ಮೊದಲು ಕಿವಿ ಪರೀಕ್ಷೆ, ಆಮೇಲೆ ಸರಳೆ ವರಸೆ. ದಯವಿಟ್ಟು ಉಲ್ಟಾ ಮಾಡ್ಬೇಡಿ.

ತಕರಾರು_ತಿಮ್ಮ

ಮೇಲಿನವರು ಫ್ರಿಜ್ ಲೆಕ್ಕ ಹೇಳಿದ್ದು ಚೆನ್ನಾಗಿದೆ, ಆದ್ರೆ 2007ಕ್ಕೆ ನಿಲ್ಲಿಸಿಬಿಟ್ರಲ್ಲ ಸ್ವಾಮಿ, ಆಮೇಲಿನ ಕತೆ ಯಾರು ಹೇಳೋದು?

ಗಲಾಟೇಲಿ ಮಾತು ಕೇಳೋದ್ರಲ್ಲಿ ಸಂಗೀತಗಾರರು ಮುಂದು ಅಂತ 2009ರಲ್ಲಿ ಅದೇ ಲ್ಯಾಬಿಂದ ಬಂತು. 2014ರಲ್ಲಿ ಅಮೆರಿಕದಲ್ಲೇ ಇನ್ನೊಂದು ತಂಡ ಮಾಡಿ ನೋಡಿದ್ರೆ ವ್ಯತ್ಯಾಸ ಇಲ್ಲ, 2015ರಲ್ಲಿ ಲಂಡನ್ನಿನವರು ಮಾಡಿದ್ರೆ ಅವರಿಗೂ ಇಲ್ಲ. 2025ರಲ್ಲಿ ಆರು ಲ್ಯಾಬಿನವರು ಸೇರಿ 260ಕ್ಕಿಂತ ಜಾಸ್ತಿ ಜನಕ್ಕೆ ಅದೇ ಎಲೆಕ್ಟ್ರೋಡ್ ಟೆಸ್ಟ್ ಮಾಡಿ ನೇಚರ್ ಕಮ್ಯುನಿಕೇಷನ್ಸ್ ಅನ್ನೋ ವಿಜ್ಞಾನ ಪತ್ರಿಕೇಲಿ ಹಾಕಿದ್ರು, ಮಿದುಳುಕಾಂಡದ ಮಟ್ಟದಲ್ಲಿ ಸಂಗೀತ ಕಲಿತವರಿಗೂ ಕಲೀದವರಿಗೂ ಫರಕ್ ಸಿಗ್ಲಿಲ್ಲ. ಹಳೇ ಸ್ಟಡಿಗಳಲ್ಲಿ ಇಪ್ಪತ್ತು ಮೂವತ್ತು ಜನ ಇರ್ತಿದ್ರು.

ಇನ್ನೊಂದು, ಯಾರು ಹತ್ತು ವರ್ಷ ಹಾಡ್ತಾರೆ ಹೇಳಿ? ಮೊದಲೇ ಕಿವಿ ಚೆನ್ನಾಗಿರೋರು. ಶ್ರುತಿ ಸೇರದೆ ಬೈಸ್ಕೊಳೋ ಹುಡುಗ ಮೂರನೇ ತಿಂಗಳಿಗೆ ಕ್ರಿಕೆಟ್ಟಿಗೆ ಹೋಗಿರ್ತಾನೆ, ನನ್ ಥರ. ಹತ್ತು ವರ್ಷ ಆದ್ಮೇಲೆ ಉಳಿದೋರನ್ನ ಕೂರಿಸಿ ಟೆಸ್ಟ್ ಮಾಡಿ ನೋಡಿ ಸಂಗೀತದಿಂದ ಕಿವಿ ಚುರುಕಾಯ್ತು ಅನ್ನೋದು, ಬ್ಯಾಸ್ಕೆಟ್‌ಬಾಲ್ ಆಡಿದ್ರೆ ಉದ್ದ ಆಗ್ತಾರೆ ಅಂದ ಹಾಗೆ. ನಮ್ ಏರಿಯಾದಲ್ಲಿ ಒಂದು ಕಡೆ "ಮಕ್ಕಳ ಬ್ರೈನ್‌ಗಾಗಿ ಸಂಗೀತ" ಅಂತ ಬೋರ್ಡ್ ಹಾಕಿ ಸಾಮಾನ್ಯ ಕ್ಲಾಸಿನ ಎರಡರಷ್ಟು ಫೀಸ್ ತಗೋತಾರೆ, ಅದೇ ಸರಳೆ ವರಸೆ. ನಂಗೆ ಉರಿಯೋದು ಅದು.

ಖರಜ್_ಧಾರವಾಡ

ತಿಮ್ಮಣ್ಣ, ಅಷ್ಟ್ಯಾಕ ಸಿಟ್ಟು. ನಾ ಹೇಳ್ತೀನಿ ಕೇಳ್ರಿ, ನೀವೆಲ್ಲಾರೂ ಕಿವಿ ಕಿವಿ ಅನ್ಲಿಕ್ಕತ್ತೀರಿ, ಆದ್ರ ಹಾಡೋರಿಗೆ ಬದಲಾಗೋದು ಕಿವಿ ಅಲ್ರಿ, ಕಿವಿಗೂ ಗಂಟಲಿಗೂ ನಡುವಿನ ಹಾದಿ.

ನಾ ಹನ್ನೆರಡ ವರ್ಷದಿಂದ ಹಿಂದುಸ್ತಾನಿ ಗಾಯನ ಕಲೀಲಿಕ್ಕತ್ತೀನಿ, ನೌಕರಿ ಬ್ಯಾಂಕಿನಾಗ. ಮೊದಲಿನ ಒಂದ ವರ್ಷ ನಮ್ಮ ಗುರುಗಳು ಮುಂಜಾನೆ ಖರಜ ಬಿಟ್ಟು ಬ್ಯಾರೆ ಏನೂ ಹಾಡ್ಸಲಿಲ್ಲ. ಕೆಳಗಿನ ಸಾ ಹಿಡ್ಕೊಂಡು ಕುಂದ್ರೋದು, ಉಸಿರು ಮುಗಿಯೋತನ, ಮತ್ತ ಹಿಡಿಯೋದು. ನಮ್ಮ ಕಡೆ ಕಿರಾಣಾ ಘರಾಣಾ ಅಂತ ಹಿಂದುಸ್ತಾನಿ ಗಾಯನದ ಒಂದ ಪರಂಪರಾ ಐತಿ, ಅವ್ರಿಗೆ ಸ್ವರ ಅಂದ್ರ ಹುಚ್ಚು, ಒಂದ ಸ್ವರದಾಗ ಅರ್ಧ ತಾಸು ಇರ್ತಾರ. ನನಗ ಭಾಳ ಬ್ಯಾಸರ ಆಗ್ತಿತ್ತು, ಇದರಾಗ ಕಲಿಯೋದೇನೈತಿ ಅಂತ.

ಆಮ್ಯಾಲ ಒಮ್ಮೆ ಗಣಪತಿ ಕಾರ್ಯಕ್ರಮದಾಗ ಹಾಡಾಕ ಕುಂತಿದ್ದೆ, ನನ್ನ ಮುಂದಿನ ಮಾನಿಟರ್ ಸ್ಪೀಕರ್ ಬಂದಾತು. ಹಿಂದ ಜನರೇಟರ್, ಮಗ್ಗಲ ಓಣ್ಯಾಗ ಇನ್ನೊಂದ ಗಣಪತಿ ಡಿಜೆ. ನನ್ನ ದನಿ ನನಗ ಕೇಳಂಗಿಲ್ಲ, ಹಾರ್ಮೋನಿಯಮ್ ಅಷ್ಟಿಷ್ಟು ಕೇಳತದ. ಅಂಜಿಕಿ ಬಂತು. ಕಣ್ಣ ಮುಚ್ಚಿ, ಸಾ ಎದಿಯೊಳಗ ಎಲ್ಲಿ ಕುಂದರತದ, ಪಾ ದವಡಿಗೆ ಎಲ್ಲಿ ಬಡೀತದ ಅಂತ ಅದನ್ನ ಹಿಡ್ಕೊಂಡು ಹಾಡಿದೆ. ಮರುದಿನ ಮೊಬೈಲಿನಾಗ ರೆಕಾರ್ಡ್ ಮಾಡಿದ್ದು ಕೇಳಿದ್ರ ಸ್ವರ ಎಲ್ಲೂ ಹೊಂಟಿರಲಿಲ್ಲ, ಕುತ್ತಿಗಿ ಹರಕೊಂಡು ಚೀರಿದ್ದು ಮಾತ್ರ ಖರೆ. ಆವತ್ತ ತಿಳೀತು ಆ ಒಂದ ವರ್ಷ ಏನ್ ಕಲಿತೆ ಅಂತ.

ಕಿವಿಮಾತು_ಮೈಸೂರು

ತಿಮ್ಮ ಅವರೇ ತಪ್ಪೊಪ್ಪಿಗೆ, 2025ರದ್ದು ದೊಡ್ಡ ಸ್ಟಡಿ, ಅದನ್ನ ಹೇಳ್ದೇ ಇದ್ದಿದ್ದು ಸರಿಯಲ್ಲ. ಮಿದುಳುಕಾಂಡವೇ ಬದಲಾಗತ್ತೆ ಅಂತ ನಾನು ಈಗ ಕ್ಲಿನಿಕ್ಕಲ್ಲಿ ಯಾರಿಗೂ ಹೇಳಲ್ಲ.

ಆದ್ರೆ ಅದರಿಂದ ಏನೂ ಬದಲಾಗಲ್ಲ ಅಂತ ಆಗಲ್ಲ. ಸ್ವರದ ಸೂಕ್ಷ್ಮ ಭೇದ ಹಿಡಿಯೋದ್ರಲ್ಲಿ ಸಂಗೀತಗಾರರು ಮುಂದಿರೋದು ಮತ್ತೆ ಮತ್ತೆ ಸಿಕ್ಕಿದೆ. 2006ರಲ್ಲಿ ಒಂದು ಅಳತೆ ಮಾಡಿದ್ರು, ಹತ್ತು ವರ್ಷಕ್ಕಿಂತ ಹೆಚ್ಚು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕಲಿತವರು ಬೇರೆಯವರು ಹಿಡಿಯೋದರ ಆರನೇ ಒಂದು ಭಾಗದಷ್ಟು ಸಣ್ಣ ವ್ಯತ್ಯಾಸ ಹಿಡೀತಿದ್ರು. ಮಜಾ ಏನಂದ್ರೆ ಏನೂ ಕಲೀದವರನ್ನ ಕೂರಿಸಿ ಬರೀ ಅದೊಂದನ್ನೇ ಅಭ್ಯಾಸ ಮಾಡಿಸಿದಾಗ ನಾಲ್ಕರಿಂದ ಎಂಟು ಗಂಟೇಲಿ ಅವರೂ ಅಲ್ಲಿಗೆ ಬಂದ್ರು! ಅಂದ್ರೆ ಕಿವಿ ಪಾಠ ಬಹಳ ಬೇಗ ಆಗೋ ಪಾಠ. ಗಂಟಲಿಂದು ಹಾಗಲ್ಲ.

ಧಾರವಾಡದವರು ಹೇಳಿದ್ದು ಅಲ್ಲಿಗೇ ಬರತ್ತೆ, ನನಗೆ ಈ ಇಡೀ ವಿಷಯದಲ್ಲಿ ಇಷ್ಟ ಆಗೋದೂ ಅದೇ. ಮಾಂಟ್ರಿಯಲ್‌ನಲ್ಲಿ ಜರಾಟೆ ಮತ್ತೆ ಜಟೋರೆ ಅಂತ ಇಬ್ಬರು ಹಾಡುವವರಿಗೆ ಹೆಡ್‌ಫೋನ್ ಹಾಕಿ, ಅವರು ಹಾಡ್ತಾ ಇರೋವಾಗ್ಲೇ ಅವರದೇ ದನೀನ ಸದ್ದಿಲ್ಲದೆ ಮೇಲಕ್ಕೋ ಕೆಳಕ್ಕೋ ಸರಿಸಿ ಕಿವಿಗೆ ಕೊಟ್ರು. ಕೇಳ್ಸೋದನ್ನ ಕಿವಿ ಮೇಲೆ ಹಾಕ್ಕೋಬೇಡಿ, ನಿಮ್ಮ ಸ್ವರ ಬಿಡ್ಬೇಡಿ ಅಂತ ಹೇಳಿದ್ರೂ ಅಭ್ಯಾಸ ಇಲ್ಲದವರ ದನಿ ಅಲುಗಾಡಿ ಹೋಯ್ತು, ಅಭ್ಯಾಸ ಇದ್ದವರು ಒಂದು ಇಡೀ ಸ್ವರದಷ್ಟು ಸರಿಸಿದ್ರೂ ಹೆಚ್ಚಾಗಿ ಕದಲಲಿಲ್ಲ. ಆದ್ರೆ ಇನ್ನೊಂದು ಸಲ ಬಹಳ ಸಣ್ಣದಾಗಿ, ಅರ್ಧ ಮನೇಲಿ ಕಾಲು ಭಾಗ ಸರಿಸಿ ನೋಡಿದಾಗ ಕಲಿತವರಿಗೂ ತಡೆಯೋಕ್ ಆಗ್ಲಿಲ್ಲ, ಗಂಟಲು ತಾನೇ ತಾನಾಗಿ ಅತ್ತ ಇತ್ತ ಸರಿದುಕೊಳ್ತು.

ಇನ್ನೊಂದು 2013ರದ್ದು, ಗಾಯಕರು, ಹಾಡೋಕೆ ಕಲೀದವರು ಇಬ್ಬರ ಸ್ವರತಂತುಗಳಿಗೂ ಮರಗಟ್ಟೋ ಔಷಧಿ ಕೊಟ್ಟು ಹಾಡ್ಸಿದ್ರು, ಪಾಪ. ಶ್ರುತಿ ಎಲ್ರಿಗೂ ಏರುಪೇರಾಯ್ತು, ಗಾಯಕರಿಗೆ ಕಮ್ಮಿ. ಅದೇ ತಂಡದ ಕ್ಲೇಬರ್ ಅನ್ನೋರು ಅದಕ್ಕೂ ಮೊದಲು 2010ರಲ್ಲಿ ಒಪೆರಾ ಹಾಡೋರನ್ನ ಸ್ಕ್ಯಾನರ್ ಒಳಗೆ ಮಲಗಿಸಿ ಹಾಡಿಸಿದಾಗ, ಅಭ್ಯಾಸ ಹೆಚ್ಚಿದಷ್ಟೂ ಗಂಟಲು ನಾಲಿಗೆ ತುಟಿಯ ಸ್ಪರ್ಶ ತಿಳಿಯೋ ಭಾಗ ಮೆದುಳಲ್ಲಿ ಹೆಚ್ಚು ಕೆಲಸ ಮಾಡ್ತಿತ್ತು. ದವಡೆಗೆ ಪಾ ಎಲ್ಲಿ ಬಡಿಯತ್ತೆ ಅಂತ ಅವರು ಹೇಳಿದ್ರಲ್ಲ, ಅದು ಕವಿತೆ ಅಲ್ಲ, ಇದೇ.

ಮಾತಿಗೆ ಬಂದ್ರೆ, ಕಿವಿ ಭಾಗಕ್ಕೂ ಮಾತಾಡ್ಸೋ ಭಾಗಕ್ಕೂ ಮಧ್ಯ ನರಗಳ ಒಂದು ದೊಡ್ಡ ಕಟ್ಟು ಕಮಾನಿನ ಥರ ಹಾದು ಹೋಗತ್ತೆ. 2011ರಲ್ಲಿ ಬಾಸ್ಟನ್ನಿನವರು ನೋಡಿದಾಗ ಅದು ವಾದ್ಯ ನುಡಿಸೋರಿಗಿಂತ ಹಾಡೋರಲ್ಲಿ ದಪ್ಪ ಇತ್ತು. ಅದಕ್ಕೂ ತಿಮ್ಮ ಅವರ ಪ್ರಶ್ನೆ ಅನ್ವಯಿಸತ್ತೆ, ಹುಟ್ಟಿನಿಂದ ದಪ್ಪ ಇದ್ದೋರೇ ಹಾಡೋಕ್ ಬಂದ್ರಾ ಅಂತ, ಒಪ್ಕೋತೀನಿ.

ಆಗುಂಬೆ_ಮಳೆ

ಇಲ್ಲಿ ಹೇಳಬಹುದೋ ಇಲ್ವೋ ಗೊತ್ತಿಲ್ಲ, ಓದ್ತಾ ಓದ್ತಾ ಅಪ್ಪನ ನೆನಪಾಯ್ತು. ಅವರಿಗೆ ಸ್ಟ್ರೋಕ್ ಆಗಿ ಮಾತು ಹೋಯ್ತು, ಅರ್ಥ ಎಲ್ಲಾ ಆಗ್ತಿತ್ತು, ನೀರು ಅಂತ ಹೇಳೋಕೆ ಬಾಯಿ ತೆಗೆದ್ರೆ ನಾ ನಾ ನಾ ಅಂತ ಅಲ್ಲೇ ನಿಲ್ತಿತ್ತು, ಕಣ್ಣಲ್ಲಿ ನೀರು. ಹದಿನೈದು ದಿನ ಆದ್ಮೇಲೆ ಒಂದು ಸಂಜೆ ಅಮ್ಮ ದೇವರ ಮುಂದೆ ದೀಪ ಹಚ್ಚಿ ಭಜನೆ ಶುರು ಮಾಡಿದ್ರು, ಮಂಚದ ಮೇಲಿಂದ ಅಪ್ಪ ಸೇರ್ಕೊಂಡ್ರು, ಒಂದಕ್ಷರ ಬಿಡದೆ ಪೂರ್ತಿ ಪಲ್ಲವಿ. ಅಮ್ಮ ಕೈಲಿದ್ದ ಗಂಟೆ ಹಾಗೇ ಹಿಡ್ಕೊಂಡು ನಿಂತುಬಿಟ್ರು.

ಸ್ಪೀಚ್ ಥೆರಪಿಯವರಿಗೆ ಹೇಳಿದಾಗ ಇದು ಹೊಸದಲ್ಲ, ಮಾತಿನ ಕಡೆ ಪೆಟ್ಟು ಬಿದ್ರೂ ಹಾಡು ಉಳಿಯೋದು ಬಹಳ ಜನರಲ್ಲಿದೆ, 1973ರಲ್ಲೇ ಬಾಸ್ಟನ್ನಲ್ಲಿ ಇದನ್ನ ಚಿಕಿತ್ಸೆಯಾಗಿ ಮಾಡಿದ್ರು ಅಂದ್ರು. "ನೀರು ಬೇಕು" ಅನ್ನೋದನ್ನ ಎರಡೇ ಸ್ವರದಲ್ಲಿ, ಮೇಲಿಂದ ಕೆಳಕ್ಕೆ, ಎಡಗೈಯಿಂದ ಮಂಚದ ಮೇಲೆ ತಟ್ತಾ ಹೇಳಿಸ್ತಿದ್ರು. ಪವಾಡ ಏನೂ ಆಗ್ಲಿಲ್ಲ. ಮಾತು ಪೂರ್ತಿ ವಾಪಸ್ ಬಂದಿಲ್ಲ. ನೀರು ಮಾತ್ರ ಈಗ್ಲೂ ರಾಗದಲ್ಲೇ ಕೇಳ್ತಾರೆ, ಎಡಗೈ ತಟ್ಟಿ. ಮನೇಲಿ ಮಕ್ಕಳೂ ಹಾಗೇ ಕೇಳೋಕ್ ಶುರು ಮಾಡಿದಾರೆ.

ತಕರಾರು_ತಿಮ್ಮ

ಇದಕ್ಕೆ ತಕರಾರಿಲ್ಲ.

ಅತ್ತೆ ವಿಚಾರಕ್ಕೆ ಯಾರೂ ಪೂರ್ತಿ ಉತ್ತರ ಕೊಟ್ಟಿಲ್ಲ ನೋಡಿ.

ಕಿವಿಮಾತು_ಮೈಸೂರು

ಕೊಡ್ತೀನಿ. ವಯಸ್ಸಿಗೆ ಬರೋ ಕಿವುಡುತನದಲ್ಲಿ ಸಾಮಾನ್ಯವಾಗಿ ಮೊದಲು ಹೋಗೋದು ಒಳಗಿವಿಯ ಸಣ್ಣ ರೋಮಕೋಶಗಳು, ಅದ್ರಲ್ಲೂ ಮೇಲಿನ ಸ್ಥಾಯಿಯವು, ಸ ಶ ತ ಥರದ ಅಕ್ಷರ ಕೇಳಲ್ಲ, "ಸಾರು" "ಚಾರು" ಒಂದೇ ಆಗತ್ತೆ. ಸತ್ತ ಕೋಶ ಮತ್ತೆ ಹುಟ್ಟಲ್ಲ, ಯಾವ ರಾಗ ಹಾಡಿದ್ರೂ. ಪರೀಕ್ಷೆ ಮಾಡಿ ಬೇಕಂದ್ರೆ ಮಿಷನ್ ಹಾಕಿಸ್ಬೇಕು, ಅದೂ ತಡ ಮಾಡಬಾರದು. ಕೆಲವೊಮ್ಮೆ ಬರೀ ಗುಗ್ಗೆ ಕಟ್ಟಿರತ್ತೆ, ಹತ್ತು ನಿಮಿಷದ ಕೆಲಸ.

ಆದ್ರೆ ಕ್ಲಾಸಿಗೆ ಕಳಿಸಬೇಡಿ ಅನ್ನಲ್ಲ. 2019ರಲ್ಲಿ ಟೊರಾಂಟೊದಲ್ಲಿ ಕಿವಿ ಮಂದ ಆದ ಹಿರಿಯರನ್ನ ಹತ್ತು ವಾರ ಗುಂಪಿನಲ್ಲಿ ಹಾಡಿಸಿದ್ರು, ಗಲಾಟೇಲಿ ಮಾತು ಕೇಳೋದು ಸ್ವಲ್ಪ ಸುಧಾರಿಸ್ತು ಅಂತ ಬಂತು. ಒಂದೇ ಸ್ಟಡಿ, ತಿಮ್ಮ ಅವರು ಬರೋ ಮೊದಲು ನಾನೇ ಹೇಳ್ತೀನಿ. ಮಿಷನ್ ಹಾಕ್ಕೊಂಡೇ ಹಾಡಲಿ, ಮೊದಮೊದಲು ತಮ್ಮ ದನಿ ತಮಗೇ ಡಬ್ಬದೊಳಗಿಂದ ಬಂದ ಹಾಗೆ ಕೇಳತ್ತೆ, ಗಾಬರಿ ಬೇಡ, ಆಡಿಯಾಲಜಿಸ್ಟ್ ಹತ್ರ ಹೇಳಿದ್ರೆ ಸರಿ ಮಾಡ್ಕೊಡ್ತಾರೆ.

ಐದುಮನೆ_ಶ್ರುತಿ

ಎಲ್ರಿಗೂ ಥ್ಯಾಂಕ್ಸ್, ಮೂರು ವಾರ ಆದ್ಮೇಲೆ ಬರೀತಿದೀನಿ. ಅತ್ತೆಗೆ ಪರೀಕ್ಷೆ ಮಾಡಿಸಿದ್ವಿ, ಎರಡೂ ಕಿವಿಗೆ ಮಿಷನ್ ಬೇಕು ಅಂದ್ರು, ಬುಕ್ ಮಾಡಿದೀವಿ. ಸಂಗೀತ ಕ್ಲಾಸಿಗೂ ಸೇರಿದಾರೆ, ಮೊದಲ ದಿನಾನೇ ಮೇಡಂಗೆ ನೀವು ಮೆತ್ತಗೆ ಹಾಡ್ತೀರಿ ಅಂತ ಕಂಪ್ಲೇಂಟ್.

ಫ್ರಿಜ್ ಲೆಕ್ಕ ಮನೆಯವ್ರಿಗೆ ತೋರಿಸ್ದೆ, ಮೊಬೈಲಲ್ಲಿ ಟ್ಯೂನರ್ ಆ್ಯಪ್ ಹಾಕಿ ಫ್ರಿಜ್ ಬಾಗಿಲಿಗೆ ಹಿಡಿದ್ರು, 100 ತೋರಿಸ್ತು, ಆವತ್ತಿಂದ ಮಾತಿಲ್ಲ. ಆಮೇಲೆ ನಂಗೆ ಒಂದು ಐಡಿಯಾ ಬಂತು. ಹಾಲು ಒಡೆಯೋದು ಬೇಡ ಅಂತ ಶ್ರುತಿಪೆಟ್ಟಿಗೇಲಿ ಸಣ್ಣ ತಿರುಪು ಇರತ್ತಲ್ಲ, ಅದನ್ನ ಒಂಚೂರು ಮೇಲಕ್ಕೆ ತಿರುಗಿಸಿ ಫ್ರಿಜ್ಜಿಗೇ ಶ್ರುತಿ ಸೇರಿಸ್ಕೊಂಡೆ. ಏನ್ ಚೆನ್ನಾಗಿತ್ತು ಅಂತೀರಾ, ಕಂಪ್ರೆಸರ್ ಆನ್ ಆದ್ರೆ ಹಿಂದೆ ಇನ್ನೊಂದು ತಂಬೂರಿ ಮೀಟಿದ ಹಾಗೆ. ಹದಿನೈದು ದಿನ ಹಾಗೇ ಸಾಧನೆ ಮಾಡಿದೆ.

ಮೊನ್ನೆ ಕ್ಲಾಸಲ್ಲಿ ಮೇಡಂ ತಂಬೂರಿ ಕೈಗೆ ತಗೊಳೋ ಮೊದಲೇ ಸುಮ್ನೆ ಒಂದು ಸಾ ಹಿಡೀರಿ ನೋಡೋಣ ಅಂದ್ರು. ಹಿಡಿದೆ. ತಂಬೂರಿ ಮೀಟಿದ್ರು, ತಲೆ ಎತ್ತಿ ನನ್ನನ್ನೇ ನೋಡಿ, "ಯಾಕೆ ಸ್ವಲ್ಪ ಮೇಲೆ ಹೋಗಿದೀರಿ, ಮನೇಲಿ ಬೇರೆ ಯಾರ ಹತ್ರನಾದ್ರೂ ಕಲೀತಿದೀರಾ?" ಅಂದ್ರು.